ಕಾಲು ಎಣಿಸಬೇಡಿ, ಬಾಗಿಲು ಎಣಿಸಿ

ನ್ಯೂಯಾರ್ಕಿನ ಕ್ಯಾಬರೆ ಕಾನೂನಿನ ಬಗ್ಗೆ ಪಾಡ್‌ಕಾಸ್ಟಿನಲ್ಲಿ ಹತ್ತು ನಿಮಿಷ ಮಾತಾಡಿದ್ದಕ್ಕೆ ಬಂದ ಆಕ್ಷೇಪಗಳಲ್ಲಿ ಒಂದು ಮಾತ್ರ ತಲೆಯಲ್ಲಿ ಉಳಿದುಕೊಂಡಿದೆ. "ಕುಣಿಯೋಕೂ ಲೈಸೆನ್ಸ್ ಬೇಕಿತ್ತಂತೆ ಅಂತ ನಗೋದು ಸುಲಭ ಕಣ್ರೀ. ಕತ್ತಲು, ಕುಡಿತ, ನೂಕುನುಗ್ಗಲು ಇರೋ ಜಾಗದಲ್ಲಿ ಬೆಂಕಿ ಬಿದ್ರೆ ಯಾರು ಹೊಣೆ? ಲೈಸೆನ್ಸ್ ಇರೋದೇ ಜನರ ಜೀವ ಉಳಿಸೋದಕ್ಕೆ." ಹೀಗೆ ಕೇಳಿದವರು ವಯಸ್ಸಿನಲ್ಲಿ ಹಿರಿಯರು, ನಿಜವಾದ ಕಾಳಜಿಯಿಂದಲೇ ಕೇಳಿದ್ದಾರೆ. ಬೆಂಕಿಯ ವಿಷಯದಲ್ಲಿ ಅವರ ಭಯ ನನಗೂ ಇದೆ. ಆದರೆ ಆ ಭಯಕ್ಕೂ ಆ ಲೈಸೆನ್ಸಿಗೂ ಸಂಬಂಧವೇ ಇರಲಿಲ್ಲ, ಇದ್ದರೂ ಉಲ್ಟಾ ಸಂಬಂಧ, ಅನ್ನೋದು ನನ್ನ ವಾದ. ಹತ್ತು ನಿಮಿಷದಲ್ಲಿ ಅದನ್ನ ಸರಿಯಾಗಿ ಹೇಳೋಕಾಗಲ್ಲ. ಅದಕ್ಕೇ ಈ ಬರಹ.

ಮೊದಲು ಆ ಕಾನೂನು ಏನು ಅಂತ ನೋಡೋಣ. 1926ರಲ್ಲಿ, ಜಿಮ್ಮಿ ವಾಕರ್ ಮೇಯರ್ ಆಗಿದ್ದಾಗ, ನ್ಯೂಯಾರ್ಕ್ ನಗರ ಒಂದು ನಿಯಮ ತಂತು. ಊಟ ಅಥವಾ ಪಾನೀಯ ಮಾರುವ ಜಾಗದಲ್ಲಿ ಸಾರ್ವಜನಿಕರು ಕುಣಿಯಬೇಕು ಅಂದ್ರೆ, ಹಾಡು-ಸಂಗೀತ ಇರಬೇಕು ಅಂದ್ರೆ, ಮಾಲೀಕನ ಹತ್ತಿರ ಕ್ಯಾಬರೆ ಲೈಸೆನ್ಸ್ ಇರಲೇಬೇಕು. ಆಗ ಅಮೆರಿಕದಲ್ಲಿ ಪಾನನಿಷೇಧ ನಡೀತಿತ್ತು. ಹಾರ್ಲೆಮ್‌ನಲ್ಲಿ ಜಾಝ್ ಉಕ್ಕಿ ಹರೀತಿತ್ತು, ಕಪ್ಪು ಜನ ಬಿಳಿ ಜನ ಒಂದೇ ನೆಲದ ಮೇಲೆ ಕುಣೀತಿದ್ದರು. ಅದನ್ನ ಹದ್ದುಬಸ್ತಿನಲ್ಲಿಡೋದೇ ಕಾನೂನಿನ ಒಳಗುಟ್ಟು ಅಂತ ಹಲವರ ವಾದ. ಈ ಕಾನೂನಿನ ವಿರುದ್ಧ ಕೋರ್ಟಿನಲ್ಲಿ ಹೋರಾಡಿದ, ಇದರ ಮೇಲೆ 'ಗಿಗ್ಸ್' ಅನ್ನೋ ಪುಸ್ತಕವನ್ನೇ ಬರೆದ ಕಾನೂನು ಪ್ರಾಧ್ಯಾಪಕ ಪಾಲ್ ಶೆವಿನಿ ಇದನ್ನೆಲ್ಲ ವಿವರವಾಗಿ ಬಿಡಿಸಿಟ್ಟಿದ್ದಾರೆ. ಒಳಗುಟ್ಟಿನ ಮಾತು ಬೇಡ, ಹೊರಗೆ ಕಾಣೋದನ್ನೇ ನೋಡೋಣ ಅಂದ್ರೂ ಸಾಕು.

ಮುಂದೆ ಸಣ್ಣಪುಟ್ಟ ಜಾಗಗಳಿಗೆ ಅಂತ ಒಂದು ವಿನಾಯಿತಿ ಕೊಟ್ಟರು. ಮೂವರಿಗಿಂತ ಹೆಚ್ಚು ವಾದಕರು ಇರಬಾರದು. ಪಿಯಾನೋ ಥರದ ಕೀಬೋರ್ಡ್ ಅಥವಾ ತಂತಿ ವಾದ್ಯ ಆಗಿದ್ದರೆ ಕ್ಯಾಬರೆ ಲೈಸೆನ್ಸ್ ಬೇಡ. ಡ್ರಮ್ಸ್, ಟ್ರಂಪೆಟ್, ಸ್ಯಾಕ್ಸೊಫೋನ್ ಬಂದರೆ ಬೇಕು. ಸ್ವಲ್ಪ ಯೋಚನೆ ಮಾಡಿ. ಮ್ಯಾನ್‌ಹ್ಯಾಟನ್ನಿನ ಒಂದು ಹೋಟೆಲಿನಲ್ಲಿ ಯಾರೋ ನಮ್ಮವರು ವೀಣೆ, ಪಿಟೀಲು ಇಟ್ಕೊಂಡು ಕೂತರೆ ಅಡ್ಡಿಯಿಲ್ಲ. ಪಕ್ಕದಲ್ಲಿ ಮೃದಂಗದವರು ಬಂದು ಕೂತ ಕೂಡಲೇ ಅದು ಲೈಸೆನ್ಸ್ ಬೇಕಾದ ಕ್ಯಾಬರೆ! ಮೃದಂಗದಿಂದ ಬೆಂಕಿ ಹತ್ತುತ್ತಾ? ಸ್ಯಾಕ್ಸೊಫೋನ್ ಬಾಗಿಲಿಗೆ ಅಡ್ಡ ನಿಲ್ಲುತ್ತಾ? ವಾರನ್ ಷಾಸಾನ್ ಅನ್ನೋ ವೈಬ್ರಫೋನ್ ವಾದಕ ಮತ್ತು ಸಂಗಾತಿಗಳು ಕೋರ್ಟಿಗೆ ಹೋದ ಮೇಲೆ 1986ರಲ್ಲಿ ವಾದ್ಯಗಳ ಪಟ್ಟಿ ಬಿತ್ತು, 1988ರಲ್ಲಿ 'ಮೂವರು ಮಾತ್ರ' ಅನ್ನೋ ಮಿತಿಯೂ ಬಿತ್ತು. ಅಂದ್ರೆ ಅರವತ್ತು ವರ್ಷ ಈ ವಿಷಯ ನಡೆದು ಬಂದಿತ್ತು.

ಕಲಾವಿದರ ಕಾರ್ಡಿನ ಕಥೆ ಇನ್ನೂ ಕೆಟ್ಟದ್ದು. 1940ರಿಂದ 1967ರವರೆಗೆ ನ್ಯೂಯಾರ್ಕಿನ ನೈಟ್‌ಕ್ಲಬ್‌ಗಳಲ್ಲಿ ಹಾಡೋರು, ಬಾರಿಸೋರು ಪೊಲೀಸರಿಗೆ ಬೆರಳಚ್ಚು ಕೊಟ್ಟು 'ಕ್ಯಾಬರೆ ಕಾರ್ಡ್' ತಗೋಬೇಕಿತ್ತು. ಕೇಸಾದರೆ ಕಾರ್ಡ್ ಹೋಯ್ತು, ಹೊಟ್ಟೆಪಾಡೂ ಹೋಯ್ತು. ತೆಲೋನಿಯಸ್ ಮಂಕ್ 1951ರಲ್ಲಿ ಕಾರ್ಡ್ ಕಳೆದುಕೊಂಡು 1957ರವರೆಗೆ ತನ್ನ ಊರಿನ ಕ್ಲಬ್ಬಿನಲ್ಲೇ ನುಡಿಸೋ ಹಾಗಿರಲಿಲ್ಲ. ಬಿಲ್ಲಿ ಹಾಲಿಡೇ ಜೈಲಿನಿಂದ ಬಂದು 1948ರಲ್ಲಿ ಕಾರ್ನೆಗಿ ಹಾಲ್ ತುಂಬಿಸಿದರು. ಕಾರ್ನೆಗಿ ಹಾಲಿನಲ್ಲಿ ಹಾಡಬಹುದು, ಐವತ್ತು ಜನ ಕೂರೋ ಕ್ಲಬ್ಬಿನಲ್ಲಿ ಹಾಡೋ ಹಾಗಿಲ್ಲ. ಸುರಕ್ಷತೆಯ ಪ್ರಶ್ನೆ ಆಗಿದ್ದರೆ ಸಾವಿರಾರು ಜನ ಸೇರೋ ಹಾಲ್ ದೊಡ್ಡ ಅಪಾಯ ಅಲ್ವಾ? ಇಲ್ಲಿ ಎಣಿಸ್ತಿದ್ದದ್ದು ಬಾಗಿಲನ್ನಲ್ಲ, ಮನುಷ್ಯರ ನಡತೆಯನ್ನ.

ಈಗ ನನ್ನ ಕಸುಬಿನ ಮಾತು ಸ್ವಲ್ಪ. ಡೇಟಾ ಸೈನ್ಸಿನಲ್ಲಿ ನಾವು ಪ್ರಾಕ್ಸಿ ಅಂತ ಒಂದು ಪದ ಬಳಸ್ತೀವಿ. ನಿಮಗೆ ಬೇಕಾದ ವಿಷಯವನ್ನ ನೇರವಾಗಿ ಅಳೆಯೋಕೆ ಆಗದಿದ್ದಾಗ ಅದರ ಬದಲಿಗೆ ಅಳೆಯೋ ಇನ್ನೊಂದು ವಿಷಯ. ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡ್ತೀವಲ್ಲ, ಹಾಗೆ. ಪ್ರಾಕ್ಸಿ ಇಟ್ಕೊಳ್ಳೋದು ತಪ್ಪಲ್ಲ, ಥರ್ಮಾಮೀಟರ್ ಕೈಯಲ್ಲೇ ಇರುವಾಗ ಹಣೆ ಮುಟ್ಟೋದು ಮಾತ್ರ ಮೂರ್ಖತನ. 'ಇಲ್ಲಿ ಜನ ಕುಣೀತಾರಾ?' ಅನ್ನೋದು 'ಇಲ್ಲಿ ಜನ ಸಿಕ್ಕಿಹಾಕಿಕೊಂಡು ಸಾಯಬಹುದಾ?' ಅನ್ನೋ ಪ್ರಶ್ನೆಗೆ ಬಹಳ ಕಳಪೆ ಪ್ರಾಕ್ಸಿ. ಥರ್ಮಾಮೀಟರ್ ಇದೆ. ಅದರ ಹೆಸರು ಬಿಲ್ಡಿಂಗ್ ಕೋಡ್.

ಅಮೆರಿಕದ ಬಹುಪಾಲು ಊರುಗಳು ಅನುಸರಿಸೋ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ ಲೆಕ್ಕ ನೋಡಿ, ಎಷ್ಟು ಸರಳ ಅಂತ. ಟೇಬಲ್ಲು ಕುರ್ಚಿ ಹಾಕಿದ ಜಾಗದಲ್ಲಿ ಒಬ್ಬರಿಗೆ 15 ಚದರಡಿ. ಬರೀ ಕುರ್ಚಿ ಒತ್ತೊತ್ತಾಗಿ ಹಾಕಿದರೆ 7. ಬರೀ ನಿಂತ ಜನ ಆದರೆ 5. ಈಗ 1500 ಚದರಡಿಯ ಒಂದು ಹಾಲ್ ತಗೊಳ್ಳಿ. ಟೇಬಲ್ ಹಾಕಿದರೆ 100 ಜನ. ಟೇಬಲ್ ಎತ್ತಿ ಗೋಡೆಗೆ ಒರಗಿಸಿದರೆ ಅದೇ ಹಾಲಿನಲ್ಲಿ 300 ಜನ. ಅಪಾಯ ಹುಟ್ಟೋದು ಈ ಜಾಗದಲ್ಲಿ, ಟೇಬಲ್ ಎತ್ತಿದಾಗ. ಆ 300 ಜನ ಕುಣೀತಾರೋ, ಭಾಷಣ ಕೇಳ್ತಾರೋ, ಮಹಾಮಂಗಳಾರತಿಗೆ ಕಾಯ್ತಿದ್ದಾರೋ, ಬಾಗಿಲಿಗೆ ಗೊತ್ತಾಗಲ್ಲ.

ಜನ 50ರ ಹತ್ತಿರ ಬಂದ ಕೂಡಲೇ ಕೋಡ್ ಎರಡನೇ ಬಾಗಿಲು ಕೇಳುತ್ತೆ. ಆ ಬಾಗಿಲುಗಳು ಹೊರಗಡೆಗೆ ತೆರೆದುಕೊಳ್ಳಬೇಕು, ಒಳಗಿಂದ ಮೈ ಒತ್ತಿದರೆ ಸಾಕು ತೆಗೆಯೋ ಹಾಗೆ ಅಡ್ಡಪಟ್ಟಿ ಇರಬೇಕು. ಕೀಲಿ, ಚಿಲಕ, ಬೋಲ್ಟ್ ಹುಡುಕೋ ಕೆಲಸ ಇರಬಾರದು. 500 ದಾಟಿದರೆ ಮೂರು ಬಾಗಿಲು, 1000 ದಾಟಿದರೆ ನಾಲ್ಕು. ಊಟ-ಕುಡಿತದ ಹೊಸ ಜಾಗದಲ್ಲಿ 100 ಜನ ಆದರೆ ಚಾವಣಿಯಲ್ಲಿ ಸ್ಪ್ರಿಂಕ್ಲರ್, ಅಂದ್ರೆ ಬಿಸಿ ತಗುಲಿದ ಕೂಡಲೇ ತಾನಾಗೇ ನೀರು ಚಿಮ್ಮೋ ನಳಿಕೆ, ಬೇಕೇ ಬೇಕು. ನ್ಯೂಯಾರ್ಕ್ ನಗರದ್ದೇ ಇನ್ನೊಂದು ನಿಯಮ: ಒಳಾಂಗಣದಲ್ಲಿ 75 ಅಥವಾ ಹೆಚ್ಚು ಜನ ಸೇರೋ ಜಾಗಕ್ಕೆ 'ಪ್ಲೇಸ್ ಆಫ್ ಅಸೆಂಬ್ಲಿ' ಸರ್ಟಿಫಿಕೇಟ್ ಬೇಕು. ಇಷ್ಟರಲ್ಲಿ ಎಲ್ಲಾದರೂ ಮೃದಂಗ ಬಂತಾ?

(ಒಂದು ಅಡ್ಡಮಾತು. ಮಿತಿ 75 ಅಂದ ಕೂಡಲೇ 74 ಅನ್ನೋ ಸಂಖ್ಯೆಗೆ ವಿಪರೀತ ಬೆಲೆ ಬರುತ್ತೆ. ಗೆರೆ ಎಳೆದ ಕಡೆ ಎಲ್ಲ ಜನ ಗೆರೆಯ ಈಚೆಗೆ ಗುಂಪುಗಟ್ಟುತ್ತಾರೆ, ಇದು ಆದಾಯ ತೆರಿಗೆಯಿಂದ ಹಿಡಿದು ಎಲ್ಲ ಕಡೆ ಇರೋದೇ. ಸಂಖ್ಯೆಯ ನಿಯಮಕ್ಕೂ ಕಳ್ಳದಾರಿ ಇದೆ ಅಂತ ಒಪ್ಪಿಕೊಂಡೇ ಮುಂದೆ ಹೋಗೋಣ.)

ಈ ನಿಯಮಗಳನ್ನ ಯಾರೂ ತಣ್ಣಗೆ ಕೂತು ಯೋಚಿಸಿ ಬರೆದದ್ದಲ್ಲ. ಒಂದೊಂದು ಸಾಲಿನ ಹಿಂದೆಯೂ ಹೆಣಗಳಿವೆ. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ನಿನ ಕೋಕನಟ್ ಗ್ರೋವ್ ಕ್ಲಬ್ಬಿನಲ್ಲಿ ಸುಮಾರು ಸಾವಿರ ಜನ ಇದ್ದರು, ಮಿತಿಗಿಂತ ಎಷ್ಟೋ ಹೆಚ್ಚು. ಮುಂಬಾಗಿಲಿನಲ್ಲಿ ಇದ್ದದ್ದು ಒಂದೇ ಒಂದು ಸುತ್ತುಬಾಗಿಲು. ಜನ ಎರಡೂ ಕಡೆಯಿಂದ ನುಗ್ಗಿ ಅದು ಸಿಕ್ಕಿಕೊಂಡಿತು. ಉಳಿದ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಕ್ಕೆ ತೆರೆಯೋವು. ಒಳಕ್ಕೆ ತೆರೆಯೋ ಬಾಗಿಲಿನ ಮೇಲೆ ಜನ ಒತ್ತಿಕೊಂಡರೆ ಅದು ಗೋಡೆಯೇ. 492 ಜನ ಸತ್ತರು. ಇವತ್ತು ಅಮೆರಿಕದಲ್ಲಿ ನೀವು ಎಲ್ಲೇ ಸುತ್ತುಬಾಗಿಲು ನೋಡಿ, ಅದರ ಪಕ್ಕದಲ್ಲಿ ಹೊರಕ್ಕೆ ತೆರೆಯೋ ಮಾಮೂಲಿ ಬಾಗಿಲು ಇರುತ್ತೆ. ಆಫೀಸಿಗೆ ಹೋಗೋವಾಗ ದಿನಾ ಅದನ್ನ ದಾಟ್ತೀವಿ.

2003ರ ಫೆಬ್ರವರಿ 20ರಂದು ರೋಡ್ ಐಲೆಂಡಿನ ವೆಸ್ಟ್ ವಾರ್ವಿಕ್‌ನಲ್ಲಿ ಸ್ಟೇಷನ್ ಅನ್ನೋ ಕ್ಲಬ್ಬಿನಲ್ಲಿ ಬ್ಯಾಂಡ್ ಶುರುವಾಗುವಾಗ ಹಚ್ಚಿದ ಮತಾಪು, ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆ ಅಂಟಿಸಿದ್ದ ಫೋಮಿಗೆ ತಗುಲಿತು. ಮೊದಲ ಕೆಲವು ಸೆಕೆಂಡು ಜನ ಅದನ್ನ ಶೋನ ಭಾಗ ಅಂದುಕೊಂಡರು. ಒಂದೂವರೆ ನಿಮಿಷದಲ್ಲಿ ಒಳಗೆ ಉಸಿರಾಡೋ ಹಾಗಿರಲಿಲ್ಲ. ಬೇರೆ ಬಾಗಿಲಿದ್ದರೂ ಬಹಳಷ್ಟು ಜನ ತಾವು ಬಂದ ಮುಂಬಾಗಿಲಿಗೇ ಓಡಿದರು, ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದರು. ನೂರು ಜನ. ಸ್ಪ್ರಿಂಕ್ಲರ್ ಇರಲಿಲ್ಲ. ಆಮೇಲೆ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯವರು ಅದೇ ಥರದ ವೇದಿಕೆ ಕಟ್ಟಿ ಬೆಂಕಿ ಹಚ್ಚಿ ನೋಡಿದರು, ಸ್ಪ್ರಿಂಕ್ಲರ್ ಇಟ್ಟು ಒಂದು ಸಲ, ಇಡದೆ ಒಂದು ಸಲ. ಸ್ಪ್ರಿಂಕ್ಲರ್ ಇದ್ದ ಕಡೆ ಬೆಂಕಿ ಹತೋಟಿಗೆ ಬಂತು. ಅಲ್ಲಿಂದ ಹೊಸ ನೈಟ್‌ಕ್ಲಬ್‌ಗಳಿಗೆಲ್ಲ, ಹಳೆಯದರಲ್ಲಿ 100ಕ್ಕಿಂತ ಹೆಚ್ಚು ಜನ ಹಿಡಿಯೋವಕ್ಕೆ ಸ್ಪ್ರಿಂಕ್ಲರ್ ಬೇಕು ಅಂತ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಹಿತೆ ಬದಲಾಯಿತು. ಜನಸಂದಣಿ ನೋಡಿಕೊಳ್ಳೋಕೆ ತರಬೇತಾದವರು ಇರಬೇಕು ಅಂತಲೂ ಬಂತು.

ಕತ್ತಲು, ಕುಡಿತ, ಜೋರು ಸಂಗೀತ ಜನರ ಪ್ರತಿಕ್ರಿಯೆಯನ್ನ ನಿಧಾನ ಮಾಡುತ್ತೆ ಅಂತ ಆ ಹಿರಿಯರು ಹೇಳಿದ್ದು ನಿಜ; ಸ್ಟೇಷನ್ ಅದಕ್ಕೆ ಸಾಕ್ಷಿ. ಹಾಗಾಗಿ ನೈಟ್‌ಕ್ಲಬ್ಬಿಗೆ ಸಾಮಾನ್ಯ ಹೋಟೆಲಿಗಿಂತ ಬಿಗಿಯಾದ ನಿಯಮ ಇರಲಿ, ನನ್ನದೇನೂ ತಕರಾರಿಲ್ಲ. ಬಿಗಿ ಇರಬೇಕಾದದ್ದು ಎಲ್ಲಿ ಅನ್ನೋದೇ ಪ್ರಶ್ನೆ. ಅಂದಹಾಗೆ ಸ್ಟೇಷನ್‌ಗೆ ಅಧಿಕಾರಿಗಳು ಹೋಗಿ ತಪಾಸಣೆ ಮಾಡಿದ್ದರು. ಆ ಫೋಮ್ ಅವರ ಕಣ್ಣಿಗೆ ಬೀಳಲಿಲ್ಲ. ನಿಂತ ಜನರ ಲೆಕ್ಕ ಹಿಡಿದು ಒಳಗೆ ಹಿಡಿಸೋ ಸಂಖ್ಯೆಯನ್ನೂ ಹಿಗ್ಗಿಸಿಕೊಟ್ಟಿದ್ದರು. ಕೋಡ್ ಪುಸ್ತಕ ಇದ್ದರೆ ಸಾಲದು, ನೋಡೋ ಕಣ್ಣು ಬೇಕು. ಆ ಕಣ್ಣುಗಳು ನಮ್ಮಲ್ಲಿ ಲೆಕ್ಕಕ್ಕೆ ಸಿಗೋಷ್ಟೇ ಇವೆ. ಅವುಗಳನ್ನ 'ಯಾರ ಸೊಂಟ ಅಲ್ಲಾಡ್ತಿದೆ' ಅಂತ ನೋಡೋಕೆ ಕಳಿಸಬೇಕೋ, ಗೋಡೆ ಬಾಗಿಲು ನೋಡೋಕೆ ಕಳಿಸಬೇಕೋ?

ನ್ಯೂಯಾರ್ಕ್ ಯಾವುದಕ್ಕೆ ಕಳಿಸಿತು ಅನ್ನೋದಕ್ಕೆ 1990ರ ಮಾರ್ಚ್ 25ಕ್ಕೆ ಬರೋಣ. ಬ್ರಾಂಕ್ಸ್‌ನಲ್ಲಿ ಹ್ಯಾಪಿ ಲ್ಯಾಂಡ್ ಅಂತ ಒಂದು ಸೋಷಿಯಲ್ ಕ್ಲಬ್. ಲೈಸೆನ್ಸ್ ಇಲ್ಲದ ಜಾಗ. ಅಲ್ಲಿಗೆ ಬರ್ತಿದ್ದವರಲ್ಲಿ ಬಹಳಷ್ಟು ಜನ ಹೊಂಡುರಾಸ್‌ನಿಂದ ಬಂದ ವಲಸಿಗರು, ಅದರಲ್ಲೂ ಗರಿಫುನಾ ಸಮುದಾಯದವರು. ಅಂದು ರಾತ್ರಿ ಅಲ್ಲಿ ಕೆಲಸ ಮಾಡ್ತಿದ್ದ ತನ್ನ ಹಳೆಯ ಗೆಳತಿಯ ಜೊತೆ ಜಗಳ ಆಡಿ ಹೊರಬಿದ್ದ ಒಬ್ಬ, ಒಂದು ಡಾಲರಿನ ಪೆಟ್ರೋಲ್ ತಂದು ಬಾಗಿಲಲ್ಲಿ ಸುರಿದು ಕಡ್ಡಿ ಗೀರಿದ. 87 ಜನ ಸತ್ತರು. ಸ್ಪ್ರಿಂಕ್ಲರ್ ಇಲ್ಲ, ಸರಿಯಾದ ಎರಡನೇ ದಾರಿ ಇಲ್ಲ. ಸುಟ್ಟುಕೊಂಡು ಸತ್ತವರಿಗಿಂತ ಹೊಗೆ ಕುಡಿದು ಸತ್ತವರೇ ಹೆಚ್ಚು.

"ನೋಡಿ, ಇದಕ್ಕೇ ಲೈಸೆನ್ಸ್ ಬೇಕು ಅಂದದ್ದು" ಅಂತ ನೀವು ಈಗ ಹೇಳಬಹುದು. ತಾಳಿ. ಕ್ಯಾಬರೆ ಕಾನೂನು ಆಗ ಜಾರಿಯಲ್ಲೇ ಇತ್ತು, ಅರವತ್ನಾಲ್ಕು ವರ್ಷದಿಂದ. ಅಷ್ಟೇ ಅಲ್ಲ, ಹ್ಯಾಪಿ ಲ್ಯಾಂಡನ್ನ ಮುಚ್ಚಿ ಅಂತ ನಗರವೇ 1988ರ ನವೆಂಬರಿನಲ್ಲಿ ಆದೇಶ ಕೊಟ್ಟಿತ್ತು. ಕುಣಿತಕ್ಕಲ್ಲ, ತುರ್ತು ದಾರಿ ಇಲ್ಲ, ಸ್ಪ್ರಿಂಕ್ಲರ್ ಇಲ್ಲ, ಅಲಾರಂ ಇಲ್ಲ ಅಂತ. ಅಂದ್ರೆ ಹದಿನಾರು ತಿಂಗಳ ಮುಂಚೆಯೇ ಥರ್ಮಾಮೀಟರ್ 104 ಡಿಗ್ರಿ ತೋರಿಸಿತ್ತು. ಮುಚ್ಚಿದೆಯೋ ಇಲ್ಲವೋ ಅಂತ ನೋಡಿ ಬಾಗಿಲು ಹಾಕಿಸೋ ಕೆಲಸ ಮಾತ್ರ ಆಗಲಿಲ್ಲ. ಆ ಕ್ಲಬ್ಬಿನಲ್ಲಿ ಇರದೇ ಹೋದದ್ದು ಇನ್ನೊಂದು ಕಾಗದ ಅಲ್ಲ. ಇದ್ದ ಕಾಗದವನ್ನ ಕೈಯಲ್ಲಿ ಹಿಡಿದು ಮತ್ತೆ ಬಾಗಿಲು ತಟ್ಟೋ ಒಬ್ಬ ಮನುಷ್ಯ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ ಕೇಳಿ. ಆ ಜನ ಯಾಕೆ ಅಂಥ ಕಡೆ ಹೋದರು? ತಮ್ಮೂರಿನ ಹಾಡಿಗೆ ತಮ್ಮವರ ಜೊತೆ ಶನಿವಾರ ರಾತ್ರಿ ಕುಣಿಯೋಕೆ. ಲೈಸೆನ್ಸ್ ಇರೋ ಕ್ಲಬ್ಬು ಅಂದ್ರೆ ಮ್ಯಾನ್‌ಹ್ಯಾಟನ್ನಿನ ದುಬಾರಿ ಜಾಗ. ಕ್ಯಾಬರೆ ಲೈಸೆನ್ಸ್ ಸಿಗಬೇಕಾದರೆ ಜೋನಿಂಗ್ ನಿಯಮ ಕುಣಿತಕ್ಕೆ ಒಪ್ಪೋ ವಲಯದಲ್ಲೇ ಕಟ್ಟಡ ಇರಬೇಕು. ನಗರದ ಬಹಳಷ್ಟು ಬೀದಿಗಳಲ್ಲಿ ಮಾಲೀಕ ಎಷ್ಟೇ ಸ್ಪ್ರಿಂಕ್ಲರ್ ಹಾಕಿಸಿದರೂ ಅರ್ಜಿ ಹಾಕೋ ಹಾಗೇ ಇರಲಿಲ್ಲ. ಅಂಥ ಮಾಲೀಕ ಏನು ಮಾಡ್ತಾನೆ? ಗೋಡೆ ಮೇಲೆ 'ನೋ ಡಾನ್ಸಿಂಗ್' ಬೋರ್ಡ್ ಹಾಕ್ತಾನೆ, ಇಲ್ಲಾ ಕದ್ದು ಕುಣಿಸ್ತಾನೆ. ಕದ್ದು ಕುಣಿಸೋನು ಇನ್ಸ್‌ಪೆಕ್ಟರನ್ನ ತಾನಾಗಿ ಯಾವತ್ತೂ ಕರೆಯಲ್ಲ. 'ಟೇಬಲ್ ತೆಗೆದಾಗ ಇಲ್ಲಿ 300 ಜನ ಆಗ್ತಾರೆ, ಬಾಗಿಲು ಸಾಕಾ ನೋಡಿ' ಅಂತ ಕೇಳಲ್ಲ. ಯಾಕಂದ್ರೆ ಟೇಬಲ್ ತೆಗೆದೆ ಅಂದ ಕೂಡಲೇ ಅವನು ಕುಣಿತ ಒಪ್ಪಿಕೊಂಡ ಹಾಗೆ. ಆರಂಭದಲ್ಲಿ ಉಲ್ಟಾ ಸಂಬಂಧ ಅಂದೆನಲ್ಲ, ಇದೇ ಅದು. ಕುಣಿತವನ್ನ ಅಪರಾಧ ಮಾಡಿದರೆ ಜನಸಂದಣಿಯೂ ಬಚ್ಚಿಟ್ಟುಕೊಳ್ಳುತ್ತೆ. ಬಚ್ಚಿಟ್ಟ ಜನಸಂದಣಿಗೆ ಬಾಗಿಲು ಲೆಕ್ಕ ಹಾಕೋರು ಯಾರೂ ಇರಲ್ಲ.

ಹ್ಯಾಪಿ ಲ್ಯಾಂಡ್ ಆದ ಮೇಲೆ ಪಾಠ ಕಲಿತರಾ? 1990ರ ದಶಕದಲ್ಲಿ ಮೇಯರ್ ರೂಡಿ ಜುಲಿಯಾನಿ ಬಂದಾಗ ನಗರ ಧೂಳು ಹಿಡಿದಿದ್ದ ಕ್ಯಾಬರೆ ಕಾನೂನನ್ನ ಕೊಡವಿ ಎತ್ತಿಕೊಂಡಿತು. ಬಾರ್‌ಗಳಲ್ಲಿ ಯಾರು ಕುಣೀತಿದ್ದಾರೆ ಅಂತ ನೋಡಿ ದಂಡ ಹಾಕೋದು, ಮುಚ್ಚಿಸೋದು. ಸದ್ದು, ಗಲಾಟೆ, ಡ್ರಗ್ಸ್ ಅಂತ ದೂರು ಇದ್ದ ಜಾಗಕ್ಕೆ ಆ ದೂರಿನ ಕೇಸ್ ಹಾಕೋದಕ್ಕಿಂತ ಕುಣಿತದ ಕೇಸ್ ಸುಲಭ. ಪುರಾವೆ ಏನು ಬೇಕು, ಒಂದು ಹಾಡು ಸಾಕು.

ಮಾಲೀಕರು ಮತ್ತೆ ಕೋರ್ಟಿಗೆ ಹೋದರು. ಕುಣಿಯೋದು ಅಭಿವ್ಯಕ್ತಿ ಸ್ವಾತಂತ್ರ್ಯ ಅಲ್ವಾ ಅಂತ. ನ್ಯೂಯಾರ್ಕಿನ ಕೋರ್ಟು 2006ರ ಫೆಸ್ಟಾ ಪ್ರಕರಣದಲ್ಲಿ ಅಲ್ಲ ಅಂತು. ಡಲ್ಲಾಸ್‌ನ ಒಂದು ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲೇ ಇದಕ್ಕೆ ದಾರಿ ಹಾಕಿತ್ತು: ಮನರಂಜನೆಗೆ ಕುಣಿಯೋದಕ್ಕೆ ಸಂವಿಧಾನದ ಆ ರಕ್ಷಣೆ ಇಲ್ಲ. ಅಂದ್ರೆ ವೇದಿಕೆ ಹತ್ತಿ ಭರತನಾಟ್ಯ ಮಾಡಿದರೆ ಅಭಿವ್ಯಕ್ತಿ, ಕೆಳಗೆ ನಿಂತು ಟಪ್ಪಾಂಗುಚ್ಚಿ ಹಾಕಿದರೆ ಬರೀ ಕೈಕಾಲು ಆಡಿಸಿದ ಹಾಗೆ. ಗಣಪತಿ ಬಿಡೋವಾಗ ಒಮ್ಮೆಯಾದರೂ ತಮಟೆ ಮುಂದೆ ಕುಣಿದಿರೋರು ಯಾರೂ ಈ ವಿಂಗಡಣೆ ಒಪ್ಪಲ್ಲ.

ಕೊನೆಗೆ ಕಾನೂನನ್ನ ಕೊಂದದ್ದು ಕೋರ್ಟಲ್ಲ, ಸಂಖ್ಯೆ. 2017ರ ಹೊತ್ತಿಗೆ ನಗರದ ಸುಮಾರು 25,000 ಹೋಟೆಲ್-ಬಾರ್‌ಗಳಲ್ಲಿ ಕ್ಯಾಬರೆ ಲೈಸೆನ್ಸ್ ಇದ್ದದ್ದು ನೂರರ ಆಸುಪಾಸಿಗೆ. ಆಗ ಎಲ್ಲರ ಬಾಯಲ್ಲಿದ್ದ ಸಂಖ್ಯೆ 97. ಛೇದದ ತಕರಾರು ನೀವು ಎತ್ತೋ ಮುಂಚೆ ನಾನೇ ಎತ್ತುತೀನಿ: 25,000ದಲ್ಲಿ ಇಡ್ಲಿ ಅಂಗಡಿಗಳೂ ಸೇರಿವೆ, ಎಲ್ಲರೂ ಕುಣಿಸೋರಲ್ಲ. ಸರಿ, ಹತ್ತರಲ್ಲಿ ಒಂದು ಕಡೆ ಮಾತ್ರ ಕುಣೀತಾರೆ ಅಂತ ಇಟ್ಕೊಳ್ಳಿ. ಆಗಲೂ ಲೈಸೆನ್ಸ್ ಇರೋದು ನೂರಕ್ಕೆ ನಾಲ್ಕು. ನೂರರಲ್ಲಿ ತೊಂಬತ್ತಾರು ಜನ ಮುರಿಯೋ ನಿಯಮ ನಿಯಮವಲ್ಲ, ಬೇಕಾದವರನ್ನ ಬೇಕಾದಾಗ ಹಿಡಿಯೋಕೆ ಅಧಿಕಾರಿಯ ಕೈಗೆ ಕೊಟ್ಟ ಕೊಕ್ಕೆ. ಆ ಕೊಕ್ಕೆ ಹೆಚ್ಚಾಗಿ ಯಾರ ಕೊರಳಿಗೆ ಬೀಳುತ್ತೆ ಅಂತ ವಲಸೆ ಬಂದವರಿಗೆ ವಿವರಿಸೋದು ಬೇಕಾಗಿಲ್ಲ.

2017ರ ಅಕ್ಟೋಬರ್ 31ರಂದು ನಗರ ಸಭೆ 44-1 ಮತದಿಂದ ಕಾನೂನು ರದ್ದು ಮಾಡಿತು. ಮಸೂದೆ ತಂದವರು ಬ್ರೂಕ್ಲಿನ್ನಿನ ಸದಸ್ಯ ರಫಾಯೆಲ್ ಎಸ್ಪಿನಾಲ್. ಮೇಯರ್ ಡಿ ಬ್ಲಾಸಿಯೋ ನವೆಂಬರಿನಲ್ಲಿ ಸಹಿ ಹಾಕಿದರು, ಬುಷ್ವಿಕ್‌ನ ಒಂದು ಕ್ಲಬ್ಬಿನಲ್ಲೇ ನಿಂತು. ದೊಡ್ಡ ಜಾಗಗಳಿಗೆ ಸೆಕ್ಯುರಿಟಿ ಗಾರ್ಡ್, ಕ್ಯಾಮೆರಾ ಇರಬೇಕು ಅನ್ನೋ ಭಾಗ ಉಳಿಸಿಕೊಂಡರು. ಅದು ಸರಿಯೇ. ಆದರೆ ತಮಾಷೆ ನೋಡಿ, ಲೈಸೆನ್ಸ್ ಹೋದರೂ ಜೋನಿಂಗ್ ನಿಯಮದಲ್ಲಿ 'ಕುಣಿತ' ಅನ್ನೋ ಪದ ಹಾಗೇ ಕೂತಿತ್ತು. ಅದನ್ನ ಕಿತ್ತುಹಾಕೋಕೆ 2024ರ ಜೂನ್ ಬೇಕಾಯಿತು. ಈಗ ಜೋನಿಂಗ್ ಕೇಳೋದು 'ಕುಣೀತಾರಾ' ಅಂತಲ್ಲ, 'ಒಳಗೆ 200ಕ್ಕಿಂತ ಹೆಚ್ಚು ಜನ ಹಿಡಿಸ್ತಾರಾ' ಅಂತ. ಇಷ್ಟು ಸರಿಯಾದ ಪ್ರಶ್ನೆ ಕೇಳೋಕೆ ಪ್ರಪಂಚದ ಅತಿ ಬುದ್ಧಿವಂತ ಊರು ಅಂದುಕೊಂಡಿರೋ ಊರಿಗೆ 98 ವರ್ಷ ಹಿಡೀತು. ಸ್ವೀಡನ್ನಿನವರೂ ಕುಣಿತದ ಪರವಾನಗಿ ಕಿತ್ತುಹಾಕಿದ್ದು 2023ರ ಜುಲೈಯಲ್ಲಿ, ಅಂದ್ರೆ ಈ ರೋಗ ಒಂದು ಊರಿನದ್ದಲ್ಲ.

ನಮ್ಮೂರಿನದ್ದೂ ಹೌದು. ಬೆಂಗಳೂರಿನಲ್ಲಿ 2005ರ ಒಂದು ಪೊಲೀಸ್ ಆದೇಶ ಇದೆ, ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ ಬಂದದ್ದು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ನಡೆಸೋ ಹೋಟೆಲಿನವರು ಪೊಲೀಸರಿಂದ ಲೈಸೆನ್ಸ್ ತಗೋಬೇಕು ಅನ್ನೋದು ಅದರ ಸಾರ. ಲೈವ್ ಬ್ಯಾಂಡ್ ಹೋಟೆಲುಗಳ ಸಂಘ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರ ಜನವರಿಯಲ್ಲಿ ಕೋರ್ಟು ಆದೇಶವನ್ನ ಎತ್ತಿಹಿಡಿಯಿತು. ಅದಾದ ಮೇಲೆ ಇಂದಿರಾನಗರ, ಕೋರಮಂಗಲದ ಎಷ್ಟೋ ಪಬ್‌ಗಳಲ್ಲಿ ಗಿಟಾರ್ ಸದ್ದಡಗಿತು. ಕಟ್ಟಡಕ್ಕೆ ಆಕ್ಯುಪೆನ್ಸಿ ಸರ್ಟಿಫಿಕೇಟ್ ತನ್ನಿ ಅಂದ್ರೆ ಬೆಂಗಳೂರಿನಲ್ಲಿ ಅರ್ಧ ಊರಿನ ಹತ್ತಿರ ಇಲ್ಲವಲ್ಲ!

ಓಸಿ ಕೇಳೋದು ತಪ್ಪಾ? ಅಲ್ಲವೇ ಅಲ್ಲ, ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ಸಿಟ್ಟು ಅದನ್ನ ಗಿಟಾರಿಗೆ ಕಟ್ಟಿ ಕೇಳೋದರ ಮೇಲೆ. ಗಿಟಾರ್ ಇಲ್ಲದೆ ಮ್ಯಾಚ್ ತೋರಿಸೋ ಸ್ಕ್ರೀನ್ ಮುಂದೆ ಅಷ್ಟೇ ಜನ ಕಿಕ್ಕಿರಿದರೆ ಈ ಆದೇಶದ ಕಣ್ಣಿಗೆ ಅವರು ಕಾಣಲ್ಲ. ಅದೇ 2018ರ ಜನವರಿ, ತೀರ್ಪು ಬರೋದಕ್ಕೆ ಕೆಲವೇ ದಿನ ಮುಂಚೆ, 8ನೇ ತಾರೀಕು ನಸುಕಿನಲ್ಲಿ ಕಲಾಸಿಪಾಳ್ಯದ ಕೈಲಾಶ್ ಬಾರಿನಲ್ಲಿ ಬೆಂಕಿ ಬಿತ್ತು. ಐದು ಜನ ಸತ್ತರು. ಕುಣೀತಿದ್ದವರಲ್ಲ. ಕೆಲಸ ಮುಗಿಸಿ ಒಳಗೇ ಮಲಗಿದ್ದ ಹುಡುಗರು. ಹೋದ ಡಿಸೆಂಬರಿನಲ್ಲಿ, ಅಂದ್ರೆ 2025ರಲ್ಲಿ, ಗೋವಾದ ಅರ್ಪೋರಾದ ನೈಟ್‌ಕ್ಲಬ್ ಬೆಂಕಿಯಲ್ಲಿ 25 ಜನ ಹೋದರು. ಅವರಲ್ಲೂ ಹೆಚ್ಚಿನವರು ಅಲ್ಲಿ ದುಡೀತಿದ್ದವರು. ಪಾತ್ರೆ ತೊಳೆಯೋನು ಕುಣಿಯಲ್ಲ. ಹಾಗಾಗಿ ಕುಣಿತವನ್ನ ಕಾಯೋ ಕಾನೂನಿನ ಲೆಕ್ಕದಲ್ಲಿ ಅವನು ಇಲ್ಲ. ಅಡುಗೆಮನೆಯ ಹಿಂಬಾಗಿಲು ಎಲ್ಲಿ ತೆರೆಯುತ್ತೆ ಅಂತ ಕೇಳೋ ಕೋಡ್‌ನಲ್ಲಿ ಇದ್ದಾನೆ.

'ಎಲ್ಲ ನಿಯಮ ಕಿತ್ತುಹಾಕಿ, ಮಾರ್ಕೆಟ್ ನೋಡಿಕೊಳ್ಳುತ್ತೆ' ಅನ್ನೋ ನನ್ನ ಕೆಲವು ಟೆಕ್ ಗೆಳೆಯರಿಗೂ ಇಲ್ಲೇ ಒಂದು ಮಾತು. ನಾನು ನಿಮ್ಮ ಕಡೆ ಇಲ್ಲ. ಕ್ಲಬ್ಬಿಗೆ ಹೋಗೋ ಹುಡುಗಿ ಚಾವಣಿ ನೋಡಿ ಸ್ಪ್ರಿಂಕ್ಲರ್ ಎಣಿಸಿ ಟಿಕೆಟ್ ತಗೊಳ್ಳಲ್ಲ. ಹಣ ಉಳಿಸೋ ಮಾಲೀಕ ಮೊದಲು ಉಳಿಸೋದೇ ಕಣ್ಣಿಗೆ ಕಾಣದ ಕಡೆ. ಲೈಸೆನ್ಸ್ ಕಡಿಮೆ ಮಾಡಿ, ಇನ್ಸ್‌ಪೆಕ್ಟರ್‌ಗಳನ್ನ ಜಾಸ್ತಿ ಮಾಡಿ ಅನ್ನೋದು ನನ್ನ ಬೇಡಿಕೆ.

ಈಗ ನಮ್ಮ ಮನೆಯೊಳಗಿನ ವಿಷಯ. ಕ್ಲಬ್ಬಿಗೂ ನಮಗೂ ಏನು ಸಂಬಂಧ, ನಾವು ಸಂಸಾರಸ್ಥರು ಅನ್ನೋರಿಗೆ. ಅಮೆರಿಕದಲ್ಲಿ ಕನ್ನಡ ಕೂಟ ಇರೋ ಊರಲ್ಲೆಲ್ಲ ಯುಗಾದಿ, ರಾಜ್ಯೋತ್ಸವ, ದೀಪಾವಳಿ ನಡೆಯುತ್ತೆ. ಶಾಲೆಯ ಆಡಿಟೋರಿಯಂ, ಚರ್ಚಿನ ಬೇಸ್‌ಮೆಂಟ್, ಇಲ್ಲಾ ಯಾವುದೋ ಬ್ಯಾಂಕ್ವೆಟ್ ಹಾಲ್. ಮಕ್ಕಳ ಡಾನ್ಸ್, ನಾಟಕ, ಬಿಸಿಬೇಳೆಬಾತು. ಒಂಬತ್ತು ಗಂಟೆಗೆ ಟೇಬಲ್ ಗೋಡೆಗೆ ಸರಿಸ್ತಾರೆ, ಲೈಟ್ ಆರಿಸ್ತಾರೆ, ಡಿಜೆ ಶುರು. ಆ ಕ್ಷಣಕ್ಕೆ ನಮ್ಮ ರಾಜ್ಯೋತ್ಸವ ಕೋಡ್‌ನ ಲೆಕ್ಕದಲ್ಲಿ 15 ಚದರಡಿಯಿಂದ 5 ಚದರಡಿಗೆ ಇಳಿದಿರುತ್ತೆ. ಬಾಗಿಲ ಪಕ್ಕ ಗೋಡೆ ಮೇಲೆ ಗರಿಷ್ಠ ಎಷ್ಟು ಜನ ಅಂತ ಬೋರ್ಡ್ ಇರುತ್ತೆ. ಅದರ ಮೇಲೆ ನಾವು ತೋರಣ ಕಟ್ಟಿರ್ತೀವಿ.

ಕಳೆದ ವರ್ಷ ನಾನು ಹೋಗಿದ್ದ ಒಂದು ಕಾರ್ಯಕ್ರಮದಲ್ಲಿ ಪಕ್ಕದ ಎಕ್ಸಿಟ್ ಬಾಗಿಲಿನ ಅಡ್ಡಪಟ್ಟಿಗೆ ನೈಲಾನ್ ಹಗ್ಗ ಸುತ್ತಿ ಕಂಬಕ್ಕೆ ಕಟ್ಟಿದ್ದರು. ಇನ್ನೊಂದು ಬಾಗಿಲಿಗೆ ಅಡ್ಡವಾಗಿ ಮಡಚಿದ ಟೇಬಲ್‌ಗಳ ರಾಶಿ. ಕೇಳಿದ್ದಕ್ಕೆ ವಾಲಂಟಿಯರ್ ಅಣ್ಣ ನಗುತ್ತಾ ಹೇಳಿದರು, "ಟಿಕೆಟ್ ಇಲ್ಲದೋರು ಆ ಕಡೆಯಿಂದ ನುಗ್ತಾರಪ್ಪ, ಹೋದ ಸಲ ಊಟ ಸಾಲಲಿಲ್ಲ." ಕೋಕನಟ್ ಗ್ರೋವ್‌ನಲ್ಲಿ ಬಾಗಿಲಿಗೆ ಬೀಗ ಹಾಕಿದ್ದೂ ದುಡ್ಡು ಕೊಡದೆ ಜಾರಿಕೊಳ್ಳೋರನ್ನ ತಡೆಯೋಕೆ. ಆ ಅಣ್ಣನೇ ಎರಡು ದಿನ ರಜೆ ಹಾಕಿ ನಮಗೆಲ್ಲ ಅಡುಗೆ ಮಾಡಿಸಿದ್ದು, ಕೆಟ್ಟವರಲ್ಲ. ಹಗ್ಗ ಬಿಚ್ಚಿ ಅಂದಾಗ ಮುಖ ಸಪ್ಪೆಯಾದರೂ ಬಿಚ್ಚಿದರು. ಅರ್ಧ ಗಂಟೆಗೆ ಯಾರೋ ಮತ್ತೆ ಕಟ್ಟಿದ್ದರು. ಇಂಥ ಕಡೆ ಯಾವ ಕ್ಯಾಬರೆ ಲೈಸೆನ್ಸೂ ಬರಲ್ಲ, ಬಂದರೂ ಆ ಹಗ್ಗ ನೋಡಲ್ಲ.

ಲೆಕ್ಕ ಹಾಕಿ. ಟಿಕೆಟ್ 30 ಡಾಲರ್ ಅಂದ್ರೆ, ಹತ್ತು ಜನ ಕದ್ದು ನುಗ್ಗಿದರೂ 300 ಡಾಲರ್. ಅಷ್ಟು ಉಳಿಸೋಕೆ ಹಗ್ಗ ಕಟ್ಟೋದಕ್ಕಿಂತ ಆ ಬಾಗಿಲ ಹತ್ತಿರ ಒಬ್ಬರನ್ನ ಕೂರಿಸಬಹುದು. ಈ ಸಲದ ರಾಜ್ಯೋತ್ಸವಕ್ಕೆ ಆ ಕುರ್ಚಿಯಲ್ಲಿ ನಾನೇ ಕೂರ್ತೀನಿ, ಟಿಕೆಟ್ ನಾನೇ ನೋಡ್ತೀನಿ, ಡಿಜೆ ಶುರುವಾಗೋ ಮುಂಚೆ ಮೈಕಿನಲ್ಲಿ ಎಕ್ಸಿಟ್ ಎಲ್ಲೆಲ್ಲಿದೆ ಅಂತ ಅರ್ಧ ನಿಮಿಷ ಹೇಳೋಕೆ ಬಿಡಿ ಅಂತ ಕಮಿಟಿಗೆ ಬರೆದಿದ್ದೀನಿ. ಕುರ್ಚಿಗೆ ಒಪ್ಪಿದ್ದಾರೆ. ಮೈಕಿನ ವಿಷಯ "ನೋಡೋಣ" ಅಂದಿದ್ದಾರೆ.